ಥೇಲಿಸನ ಗಾಣ, ಇಂಗ್ಲಿಷಿನ ಸಿರಿ

ದುಡ್ಡಿನ ಮಾತಿಗೆ ಬಂದರೆ ಇಂಗ್ಲಿಷು ಗ್ರೀಕರಲ್ಲಿ ಮಾಡಿದ ಸಾಲ ಸಣ್ಣದಲ್ಲ. ಎಕಾನಮಿಯದು ಬೇಗ ಮುಗಿಯುವ ಕಥೆ: ‘ಓಯ್ಕೋಸ್’ ಎಂದರೆ ಮನೆ, ‘ನೊಮೋಸ್’ ಎಂದರೆ ಕಟ್ಟಳೆ. ಆ ಹೆಸರಿನಲ್ಲಿ ಗ್ರೀಕ್ ಲೇಖಕ ಕ್ಸೆನೊಫನ್ ಬರೆದ ಪುಸ್ತಕದ ತುಂಬ ಹೊಲ, ಆಳುಕಾಳು, ಉಗ್ರಾಣ, ಮನೆಯೊಡತಿಯ ಉಸ್ತುವಾರಿ. ಷೇರುಪೇಟೆಯ ಸುಳಿವೇ ಇಲ್ಲ!

ಕೇಳಬೇಕಾದದ್ದು ಮೊನಾಪಲಿಯ ಕಥೆ. ‘ಮೊನೋಸ್’ ಒಬ್ಬನೇ, ‘ಪೋಲೇಯಿನ್’ ಮಾರುವುದು. ಕ್ರಿ.ಪೂ. 6ನೇ ಶತಮಾನದಲ್ಲಿ ಮಿಲೀಟಸ್ ಪಟ್ಟಣದಲ್ಲಿದ್ದ ತತ್ವಜ್ಞಾನಿ ಥೇಲಿಸ್ ಬಡವ. ಇಷ್ಟೆಲ್ಲ ಓದಿ ಏನು ಬಂತು ಎಂದು ಊರವರು ಆಡಿಕೊಂಡರಂತೆ. ಅವನೋ ನಕ್ಷತ್ರ ನೋಡುವವನು. ಮುಂದಿನ ಸಲ ಆಲಿವ್ ಬೆಳೆ ಹುಲುಸಾಗಿ ಬರುತ್ತದೆಂದು ಚಳಿಗಾಲದಲ್ಲೇ ಲೆಕ್ಕ ಹಾಕಿದ. ಕೈಲಿದ್ದ ಚಿಲ್ಲರೆ ಕಾಸನ್ನೇ ಮುಂಗಡ ಕೊಟ್ಟು ಮಿಲೀಟಸ್, ಖಿಯೋಸ್‌ಗಳ ಗಾಣಗಳನ್ನೆಲ್ಲ ಗುತ್ತಿಗೆ ಹಿಡಿದ. ಆ ಹೊತ್ತಿನಲ್ಲಿ ಗಾಣ ಯಾರಿಗೆ ಬೇಕು? ಪೈಪೋಟಿಗೆ ಒಬ್ಬರೂ ಬರಲಿಲ್ಲ. ಸುಗ್ಗಿ ಬಂತು, ಎಲ್ಲರಿಗೂ ಒಟ್ಟಿಗೇ ಗಾಣ ಬೇಕಾಯಿತು. ಥೇಲಿಸ್ ಹೇಳಿದ್ದೇ ಬಾಡಿಗೆ!

ಈ ಪ್ರಸಂಗ ಅರಿಸ್ಟಾಟಲನ ‘ಪಾಲಿಟಿಕ್ಸ್’ನಲ್ಲಿದೆ. ಜಾಣನೆಂಬ ಕಾರಣಕ್ಕೆ ಇದನ್ನು ಥೇಲಿಸನ ತಲೆಗೆ ಕಟ್ಟಿದ್ದಾರೆ ಎಂಬ ಅನುಮಾನ ಅವನಿಗೂ ಇತ್ತು. ಇರಲಿ, ಇಂಥ ಕಥೆಯನ್ನು ಬಿಡಲಾದೀತೇ? ಬೆನ್ನಿಗೇ ಇನ್ನೊಂದು ಹೇಳುತ್ತಾನೆ: ಸಿಸಿಲಿಯ ಒಬ್ಬ ಇದ್ದಬದ್ದ ಕಬ್ಬಿಣವನ್ನೆಲ್ಲ ಕೊಂಡಿಟ್ಟು, 50 ಟ್ಯಾಲೆಂಟ್ ಹಾಕಿ 100 ಟ್ಯಾಲೆಂಟ್ ಲಾಭ ಎತ್ತಿದ. ದೊರೆ ಡಯೊನೀಸಿಯಸ್, ಹಣ ಒಯ್ಯಿ, ಸಿರಾಕ್ಯೂಸ್‌ನಲ್ಲಿ ಮಾತ್ರ ಇರಬೇಡ ಎಂದು ಗಡೀಪಾರು ಮಾಡಿದ. ಮುಂದೆ ರೋಮಿನ ಚಕ್ರವರ್ತಿ ಟೈಬೀರಿಯಸ್ ಸೆನೆಟ್‌ನಲ್ಲಿ ಮೊನಾಪಲಿ ಎಂಬ ಈ ಪರಭಾಷೆಯ ಪದ ಬಳಸುವ ಮುನ್ನ ಕ್ಷಮೆ ಕೇಳಿದನೆಂದು ಇತಿಹಾಸಕಾರ ಸ್ವಿಟೋನಿಯಸ್ ಬರೆದಿದ್ದಾನೆ. ಇಂದಿನ ಕಂಪನಿಗಳಿಗೆ ಅಷ್ಟು ಸಂಕೋಚವೂ ಇಲ್ಲ.

ಟ್ಯಾಲೆಂಟ್ ಎಂದರೆ ಆಗ ತೂಕ. ಅಥೆನ್ಸಿನಲ್ಲಿ ಸುಮಾರು 26 ಕಿಲೋ ಬೆಳ್ಳಿ. ಬೈಬಲ್ಲಿನ ಸಾಮತಿಯೊಂದರಲ್ಲಿ ಧಣಿ ಆಳುಗಳಿಗೆ ಹಂಚಿದ ಟ್ಯಾಲೆಂಟುಗಳನ್ನು ದೇವರು ಕೊಟ್ಟ ಸಾಮರ್ಥ್ಯವೆಂದು ಓದಿ ಓದಿ, ತೂಕ ಪ್ರತಿಭೆಯಾಯಿತು. ಪ್ಲುಟಾಕ್ರಸಿ, ಅಂದರೆ ಹಣವಂತರ ಆಳ್ವಿಕೆ, ಪ್ಲೂಟೋಸ್ ಎಂಬ ಸಿರಿಯಿಂದ ಬಂದದ್ದು. ಕ್ರಿ.ಪೂ. 388ರ ನಾಟಕದಲ್ಲಿ ಅರಿಸ್ಟೊಫೇನಿಸ್ ಆ ಹೆಸರಿನ ದೇವರನ್ನು ಕುರುಡನಾಗಿ ರಂಗಕ್ಕೆ ತಂದ. ಯೋಗ್ಯರನ್ನು ಬಿಟ್ಟು ಯಾರ್‍ಯಾರ ಮನೆಗೋ ನುಗ್ಗುವವನಿಗೆ ಕಣ್ಣಿದ್ದೀತೇ?

ಗ್ರೀಸ್ ತನ್ನ ದ್ರಾಕ್ಮಾ ನಾಣ್ಯವನ್ನೇ ಬಿಟ್ಟು 2002ರಲ್ಲಿ ಯೂರೋ ಕೈಗೆತ್ತಿಕೊಂಡದ್ದು ಬೇಸರದ ಸಂಗತಿ. ಆದರೆ ಹೆಸರು ಉಳಿಯಿತು: ಸಂಸ್ಕೃತದಲ್ಲಿ ದ್ರಮ್ಮ, ಅರಬರಲ್ಲಿ ದಿರ್ಹಮ್. ದುಬೈಯಲ್ಲಿ ದುಡಿಯುವ ಮಂಗಳೂರಿನವರ ಸಂಬಳ ಇವತ್ತಿಗೂ ದಿರ್ಹಮ್‌ನಲ್ಲೇ.