ಟ್ರಂಕಿನಲ್ಲಿ ಉಳಿದ ನೂಲು



ನವಲಗುಂದ ತಾಲೂಕಿನ ಯಮನೂರಿನಲ್ಲಿ ಹೋಳಿ ಹುಣ್ಣಿಮೆ ಕಳೆದು, ಬೆಣ್ಣಿಹಳ್ಳದ ದಂಡೆಗೆ ಜಾತ್ರೆ ಕೂಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಸ್ವೆಟರ್ ಕೇಳುವವರು ಇರುವುದಿಲ್ಲ. ಮನೆಯಲ್ಲೇ ಹೆಣಿಗೆ ಮಶೀನು ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಸ್ವೆಟರ್ ಮಾಡಿಕೊಡುವ ಹೆಣ್ಣುಮಗಳ ಟ್ರಂಕಿನಲ್ಲಿ ಆಗ ಉಳಿಯುವುದು ನೀಲಿ, ಕಂದು, ಹಸಿರು ನೂಲಿನ ಸಣ್ಣ ಸಣ್ಣ ಉಂಡೆಗಳು. ಇದು ತೂಕಕ್ಕೆ ರೊಕ್ಕ ಕೊಟ್ಟು ತಂದ ನೂಲು. ಹತ್ತು ಸ್ವೆಟರಿಗೆ ತಲಾ 30 ಗ್ರಾಂ ಉಳಿದರೂ 300 ಗ್ರಾಂ ಆಯಿತು. ಕೂಸುಗಳ ಎರಡು ಸ್ವೆಟರಿಗೆ ಅಷ್ಟು ಸಾಕು.

ಮೊದಲು ನೂಲಿನ ಜಾತಿ ಗುರುತಿಸಬೇಕು. ತುಣುಕೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇವೆರಡನ್ನೂ ಒಂದೇ ಸ್ವೆಟರಿನಲ್ಲಿ ಬೆರೆಸಬೇಡಿ. ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಹಾಗೆ ಕುಗ್ಗುವುದಿಲ್ಲ. ಒಗೆದ ಮೇಲೆ ಪಟ್ಟಿ ಪಟ್ಟಿಯಾಗಿ ಸುಕ್ಕು ಬೀಳುತ್ತದೆ. ಗಿರಾಕಿ ಮತ್ತೆ ಬರುವುದಿಲ್ಲ.

ಬಿಚ್ಚಿದ ಹಳೇ ನೂಲಿದ್ದರೆ ಲಡಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೆರಳಲ್ಲಿ ತೂಗುಹಾಕಿ ಒಣಗಿಸಿ. ಗುಂಗುರು ಹೋಗದ ನೂಲು ಸೂಜಿಗೆ ಸಮನಾಗಿ ಬರುವುದಿಲ್ಲ. ಒರಟಾಗಿದ್ದರೆ ಸುತ್ತುವಾಗ ಮೇಣದ ಬತ್ತಿಗೆ ಸವರಿಕೊಂಡು ಹೋಗಲಿ.

ನೂಲು ಎಷ್ಟು ಸಾಲಿಗೆ ಬರುತ್ತದೆ? ಈ ಪ್ರಶ್ನೆಗೆ ಹಲವರು ಅಂದಾಜಿನ ಮೇಲೆ ಹೋಗಿ ನಡುವೆ ಸಿಕ್ಕಿಬೀಳುತ್ತಾರೆ. ಉಂಡೆ ತೂಗಿ, ಬೇಕಾದ ಅಗಲದಲ್ಲಿ 20 ಸಾಲು ಹೆಣೆದು, ಮತ್ತೆ ತೂಗಿ. 8 ಗ್ರಾಂ ಇಳಿದು 32 ಗ್ರಾಂ ಉಳಿದಿದ್ದರೆ ಇನ್ನು 80 ಸಾಲು ಬರುತ್ತದೆ. ತೋಳುಗಳಿಗಾದರೆ ಪ್ರತಿ ಬಣ್ಣವನ್ನೂ ಮೊದಲೇ ತೂಗಿ ಎರಡು ಸಮಪಾಲು ಮಾಡಿಕೊಳ್ಳಿ; ಇಲ್ಲವಾದರೆ ಬಲತೋಳಿನ ಪಟ್ಟಿ ಎಡತೋಳಿಗೆ ಸಿಗುವುದಿಲ್ಲ.

ಬಣ್ಣ ಬದಲಿಸುವುದು ಎರಡು, ನಾಲ್ಕು, ಆರು, ಹೀಗೆ ಸಮಸಂಖ್ಯೆಯ ಸಾಲುಗಳಲ್ಲಿರಲಿ. ಕ್ಯಾರೇಜು ಹೊರಟ ಬದಿಗೇ ಮರಳುವುದರಿಂದ ಎಳೆಗಳೆಲ್ಲ ಒಂದೇ ಅಂಚಿನಲ್ಲಿ ಉಳಿದು, ಹೊಲಿಗೆಯೊಳಗೆ ಮುಚ್ಚಿಹೋಗುತ್ತವೆ. ತೆಳು ನೂಲಾದರೆ ಎರಡೆಳೆ ಕೂಡಿಸಿ, ಟೆನ್ಷನ್ ಡಯಲಿನ ಅಂಕಿ ಏರಿಸಿ, ಒಂದು ತುಂಡು ಹೆಣೆದು ನೋಡಿ.

ಉಳಿದ ನೂಲೆಂದು ಏಳು ಬಣ್ಣ ತುಂಬಿದರೆ ಅದು ಕೌದಿಯೂ ಅಲ್ಲ, ಸ್ವೆಟರೂ ಅಲ್ಲ. ನವಲಗುಂದದ ಜಮಖಾನೆಯನ್ನು ನೋಡಿ. ಹತ್ತಿನೂಲಿನಲ್ಲಿ ಅದನ್ನು ನೇಯುವವರು ಹೆಂಗಸರೇ. ನವಿಲಿರಲಿ, ಪಗಡೆ ಹಾಸಿರಲಿ, ಅದರ ಬಣ್ಣಗಳು ಎಷ್ಟು ಗಾಢವಾಗಿದ್ದರೂ ಅಳತೆಯ ಮನೆಗಳಲ್ಲಿ ಕೂತಿರುತ್ತವೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನಮ್ಮ ಸ್ವೆಟರಿಗೂ ಒಂದು ನೆಲದ ಬಣ್ಣ, ಮೇಲೆ ಎರಡು ಬಣ್ಣ ಸಾಕು.

ಯಾವುದಕ್ಕೂ ಒಗ್ಗದ ಗಾಢ ಬಣ್ಣದ ನುಣುಪು ಉಂಡೆಯೊಂದನ್ನು ಮಶೀನಿನ ಪಕ್ಕದಲ್ಲೇ ಇಡಿ. ಆರಂಭದ ಕೆಲವು ಸಾಲುಗಳನ್ನು ಅದರಲ್ಲಿ ಹಾಕಿ, ಕೊನೆಗೆ ಬಿಚ್ಚಿ ತೆಗೆದು, ಮುಂದಿನ ಸ್ವೆಟರಿಗೆ ಅದನ್ನೇ ಮತ್ತೆ ಹಾಕಬಹುದು.