ತಿಂದದ್ದು ದಕ್ಕದಿದ್ದಾಗ

ಉಂಡದ್ದು ಒಳಗೆ ನಿಲ್ಲದಿದ್ದರೆ ಕನ್ನಡಿಗರು ‘ದಕ್ಕಲಿಲ್ಲ’ ಎನ್ನುತ್ತಾರೆ. ಸೊಗಸಾದ ಮಾತು, ಆದರೆ ವೈದ್ಯರಿಗೆ ಸಾಲದ ಮಾತು.

ವಿಜಯನಗರದ ನನ್ನ ಮಿತ್ರರೊಬ್ಬರು, ಎಪ್ಪತ್ತು ದಾಟಿದವರು, ಕೆಲವು ತಿಂಗಳು ಮದುವೆ ಮುಂಜಿಗಳ ಊಟವನ್ನು ತಪ್ಪಿಸಿಕೊಳ್ಳುತ್ತಿದ್ದರು. ಕೇಳಿದರೆ, ‘ವಯಸ್ಸಾಯಿತಲ್ಲ, ದಕ್ಕುವುದಿಲ್ಲ’ ಎಂಬ ಉತ್ತರ. ಸಂಜೆ ಉದ್ಯಾನದಲ್ಲಿ ಕೂಡುವ ನಮ್ಮಂಥ ಮುದುಕರೆಲ್ಲ ಒಬ್ಬೊಬ್ಬರು ಒಂದೊಂದು ಕಷಾಯ ಹೇಳಿದೆವು. ಮಧ್ಯಾಹ್ನ ಉಂಡ ಅನ್ನ ಸಂಜೆಗೆ ಅರಗದೆ ಹೊರಬೀಳುತ್ತಿದ್ದ ಸಂಗತಿಯನ್ನು, ಸೊಸೆಗೆ ತೊಂದರೆಯಾಗಬಾರದೆಂದು ಅವರು ಮುಚ್ಚಿಟ್ಟಿದ್ದರು. ಅಂಗಿ ಮೈಮೇಲೆ ಜೋಲತೊಡಗಿದಾಗಲೇ ಮನೆಯವರಿಗೆ ತಿಳಿದದ್ದು.

ಎಂಡೋಸ್ಕೋಪಿಯಲ್ಲಿ ನೋಡಿದಾಗ ಜಠರದ ಹೊರದಾರಿ ಕಿರಿದಾಗಿತ್ತು. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಗಳು ಹುಣ್ಣು ಮಾಡಿದ್ದವು. ಹುಣ್ಣು ಮಾಯುತ್ತ ಕಲೆಗಟ್ಟಿ ದಾರಿಯನ್ನು ಬಿಗಿದಿತ್ತು. ಆ ಮಾತ್ರೆ ನಿಲ್ಲಿಸಿ, ಆಮ್ಲ ತಗ್ಗಿಸುವ ಔಷಧ ಕೊಟ್ಟು, ಪುಟ್ಟ ಬಲೂನಿನಿಂದ ದಾರಿಯನ್ನು ಹಿಗ್ಗಿಸಿದರು. ಜಠರದ ಹುಣ್ಣಿಗೆ ಬ್ಯಾಕ್ಟೀರಿಯವೂ ಕಾರಣವೆಂದು ತೋರಿಸಿದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರನ್ 2005ರಲ್ಲಿ ನೊಬೆಲ್ ಪಡೆದರು. ಆ ಸೋಂಕಿದ್ದರೆ ಆಂಟಿಬಯಾಟಿಕ್ ಬೇಕಾಗುತ್ತದೆ. ಇಂಥ ಅಡ್ಡಿಯ ಹಿಂದೆ ಕೆಲವೊಮ್ಮೆ ಕ್ಯಾನ್ಸರ್ ಇರುವುದೂ ಉಂಟು. ಆದ್ದರಿಂದಲೇ ವಯಸ್ಸಿನ ಮೇಲೆ ಹೊರೆ ಹೊರಿಸಿ ಕೂರಬಾರದು.

‘ದಕ್ಕಲಿಲ್ಲ’ವನ್ನು ಬಿಡಿಸಿ ಹೇಳಬೇಕು. ಹುಳಿತೇಗಿನೊಡನೆ ಬಾಯಿಗೆ ಬಂದದ್ದು ಒಂದು. ತುತ್ತು ಎದೆಯಲ್ಲೇ ಸಿಕ್ಕಿ ಮರಳಿದ್ದು ಇನ್ನೊಂದು. ಓಕರಿಕೆ ಬಂದು ಕಾರಿದ್ದು ಮತ್ತೊಂದು. ಉಂಡ ಎಷ್ಟು ಹೊತ್ತಿಗೆ ಎಂಬುದೂ ಮುಖ್ಯ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನರಗಳು ಸೊರಗಿ ಜಠರ ನಿಧಾನವಾಗುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಅಂಥವರು ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ಜಿಡ್ಡು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು; ಉಂಡೊಡನೆ ಮಲಗಬಾರದು. ಹೃದಯದ ಡಿಗಾಕ್ಸಿನ್, ಸಕ್ಕರೆಯ ಮೆಟ್‌ಫಾರ್ಮಿನ್, ಕಬ್ಬಿಣದ ಮಾತ್ರೆ ಇವೂ ವಾಂತಿ ತರಬಲ್ಲವು. ನಾವಾಗಿ ನಿಲ್ಲಿಸದೆ, ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ವೈದ್ಯರ ಮುಂದಿಡುವುದು ಲೇಸು.

ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯ ಬಣ್ಣ, ಟಾರಿನಂಥ ಕಪ್ಪು ಮಲ, ತೀವ್ರ ಹೊಟ್ಟೆನೋವು, ಎದೆನೋವು, ಬೆವರು, ಮಂಪರು ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುದಿಮೈಯಲ್ಲಿ ನೀರು ಬೇಗ ಬತ್ತುತ್ತದೆ.

ಮೊನ್ನೆ ಕೆಂಗೇರಿಯ ಮದುವೆಯೊಂದರಲ್ಲಿ ಆ ಮಿತ್ರರು ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತು ಅರ್ಧ ಹೋಳಿಗೆಯನ್ನು ನಿಧಾನವಾಗಿ ಉಂಡರು. ಉಳಿದರ್ಧವನ್ನು ಎಲೆಯ ಮೇಲೆ ಬಿಟ್ಟದ್ದಕ್ಕೆ ಅವರಿಗೆ ಸಂಕೋಚ. ನನಗಂತೂ ಹಬ್ಬದೂಟವಾಯಿತು.