ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ



ಆಸೆಯಿಂದ ತಂದ ಹೊಸ ಆಟವನ್ನು ಕಂಪ್ಯೂಟರಿಗೆ ಹಾಕಿದಿರಿ. ಪರದೆಯ ಮೇಲಿನ ಕಾರು ಸರಾಗವಾಗಿ ಓಡದೆ ತಡವರಿಸುತ್ತಿದೆ. ಇದಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದು ಗೆಳೆಯರು ಹೇಳುತ್ತಾರೆ. ಅದರ ಬೆಲೆ ಹತ್ತಾರು ಸಾವಿರ ರೂಪಾಯಿ; ಎಷ್ಟೋ ಮನೆಗಳಲ್ಲಿ ಅದು ಒಂದು ತಿಂಗಳ ಸಂಬಳ. ಆದ್ದರಿಂದ ಯಾವ ಕಾರ್ಡ್ ಒಳ್ಳೆಯದು ಎಂದು ವಿಚಾರಿಸುವ ಮೊದಲು, ನಮ್ಮ ಕಂಪ್ಯೂಟರಿಗೆ ಯಾವುದು ಹೊಂದುತ್ತದೆ ಎಂಬುದನ್ನು ತಿಳಿಯಬೇಕು.

ಮೊದಲು ಈ ಕಾರ್ಡಿನ ಕೆಲಸವೇನು ನೋಡೋಣ. 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕಿಗಳಿರುತ್ತವೆ. ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣವನ್ನು ಪ್ರತಿ ಸೆಕೆಂಡೂ ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಸಾವಿರಾರು ಪುಟ್ಟ ಘಟಕಗಳು ಹಂಚಿಕೊಂಡು ಮಾಡುತ್ತವೆ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ ಇಂಥ 3,584 ಘಟಕಗಳಿವೆ. ಆದರೆ ಕಾರು ಎತ್ತ ತಿರುಗಬೇಕು, ಎದುರಾಳಿ ಏನು ಮಾಡಬೇಕು ಎಂಬುದನ್ನು ನಿರ್ಧರಿಸುವುದು ಪ್ರೊಸೆಸರ್. ಇವೆರಡೂ ಜೋಡೆತ್ತುಗಳಂತೆ. ಒಂದು ಹಿಂದೆ ಬಿದ್ದರೆ ಇನ್ನೊಂದರ ಬಲ ವ್ಯರ್ಥ.

ಹಿಂದೆ ಬಿದ್ದಿರುವುದು ಯಾವುದು? ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಆಟದ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಆಫ್ ಮಾಡಿ, ರೆಸಲ್ಯೂಷನ್ನನ್ನು 1280×720ಕ್ಕೆ ಇಳಿಸಿ. ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಆಗ ಆಟದ ವೇಗ ಚೆನ್ನಾಗಿ ಏರಿದರೆ ಸೋತಿದ್ದು ಗ್ರಾಫಿಕ್ಸ್ ಕಾರ್ಡ್. ವೇಗ ಇದ್ದಲ್ಲೇ ನಿಂತರೆ ತೊಂದರೆ ಪ್ರೊಸೆಸರಿನಲ್ಲೋ ರ‍್ಯಾಮ್‌ನಲ್ಲೋ ಇರುವ ಸಂಭವ ಹೆಚ್ಚು. ದುಬಾರಿ ಕಾರ್ಡ್ ತಂದರೂ ಫಲವಿಲ್ಲ.

ಎರಡನೆಯದು ವಿದ್ಯುತ್ತು. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್ ಮಾತ್ರ. 2019ರ ಜಿಟಿಎಕ್ಸ್ 1650ರ ಹಲವು ಮಾದರಿಗಳು ಅಷ್ಟರಲ್ಲೇ ನಡೆಯುತ್ತವೆ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು. ಅದಕ್ಕೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಜೋಡಿಸಬೇಕು. ಇಡೀ ಕಂಪ್ಯೂಟರಿಗೆ 550 ವ್ಯಾಟಿನ ಪವರ್ ಸಪ್ಲೈ ಇರಲಿ ಎನ್ನುತ್ತಾರೆ ತಯಾರಕರು. ಕ್ಯಾಬಿನೆಟ್ಟಿನ ಒಳಗಿನ ಜಾಗವನ್ನೂ ಸ್ಕೇಲಿನಿಂದ ಅಳೆದುಕೊಳ್ಳಿ.

ಮೂರನೆಯದು ಮದರ್‌ಬೋರ್ಡಿನ ವಯಸ್ಸು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 4 ಜಿಬಿ ಮೆಮೊರಿ. ಮದರ್‌ಬೋರ್ಡಿನೊಡನೆ ಮಾತಾಡಲು ನಾಲ್ಕೇ ದಾರಿಗಳು. ಪಿಸಿಐ ಎಕ್ಸ್‌ಪ್ರೆಸ್ ನಾಲ್ಕನೆಯ ತಲೆಮಾರಿನ ಬೋರ್ಡಿನಲ್ಲಿ ಅದು ಹೇಗೋ ಸಾಗುತ್ತದೆ. ಮೂರನೆಯ ತಲೆಮಾರಿನ ಹಳೆಯ ಬೋರ್ಡಿನಲ್ಲಿ ಪ್ರತಿ ದಾರಿಯ ವೇಗವೂ ಅರ್ಧಕ್ಕಿಳಿದು, ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಕಡಿಮೆ ಬೆಲೆಯ ಕಾರ್ಡ್ ಬೇಕಾದದ್ದು ಹಳೆಯ ಕಂಪ್ಯೂಟರಿದ್ದವರಿಗೇ. ಅವರಲ್ಲೇ ಅದು ಸೊರಗಿತು.

ಇನ್ನು ಮಾನಿಟರ್. ಅದು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುವುದಾದರೆ, ಕಾರ್ಡ್ 150 ಚಿತ್ರ ಬರೆದರೂ ಕಣ್ಣಿಗೆ ಕಾಣುವುದು 60 ಮಾತ್ರ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದೇ? ಕೊಳ್ಳಬಹುದು, ಎಚ್ಚರವಿರಲಿ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದಿದ್ದ ಕಾರ್ಡುಗಳು ಮಾರಾಟಕ್ಕೆ ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ, ಪರಿಚಿತರಿಂದ ಕೊಂಡರೂ, ಅರ್ಧ ಗಂಟೆ ಆಟ ಓಡಿಸಿ ನೋಡಿ. ಫ್ಯಾನಿನ ಸದ್ದು ಕೇಳಿ. ಬಿಲ್ಲು ಮತ್ತು ವಾರಂಟಿ ಕೇಳಿ ಪಡೆಯಿರಿ.

ಅಂಗಡಿಗೆ ಹೋಗುವ ಮುನ್ನ ಪ್ರೊಸೆಸರ್, ರ‍್ಯಾಮ್, ಪವರ್ ಸಪ್ಲೈ, ಮದರ್‌ಬೋರ್ಡ್, ಮಾನಿಟರ್ ಇವುಗಳ ವಿವರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿಯನ್ನು ಮನೆಯ ಹಿರಿಯರಿಗೂ ತೋರಿಸಿ. ಕೇಳುತ್ತಿರುವುದು ಏನು, ಏಕೆ ಎಂಬುದನ್ನು ಲೆಕ್ಕ ಸಹಿತ ವಿವರಿಸಬಲ್ಲ ಮಕ್ಕಳ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚು.